ಮಗಳಿಗೊಂದು ಪತ್ರ: ಅರ್ಜಿ ಓದುವವರೂ ಬೇಕು

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಮನೆ ಕೊಡಬೇಕಾದ ಕುಟುಂಬಗಳನ್ನು ಆರಿಸುವ ಸಮಿತಿಗೆ ಸೇರಲೇ ಬೇಡವೇ ಎಂದು ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಒಪ್ಪಿಕೋ. ಆಗಲೇ ಇಷ್ಟು ಹೇಳಿಬಿಡಬಹುದಿತ್ತು, ಆದರೆ ಕಾರಣವಿಲ್ಲದೆ ಹೇಳಿದ ಯಾವ ಮಾತನ್ನೂ ನೀನು ಚಿಕ್ಕಂದಿನಿಂದ ಒಪ್ಪಿದವಳಲ್ಲ. ಅದಕ್ಕೇ ಕಾಗದ ಪೆನ್ನು ಹಿಡಿದು ಕುಳಿತಿದ್ದೇನೆ. ಅಪ್ಪ ಇದನ್ನು ಫೋಟೋ ತೆಗೆದು ನಿನಗೆ ಕಳುಹಿಸುತ್ತಾರಂತೆ.

ಶನಿವಾರ ಬೆಳಿಗ್ಗೆ ಎದ್ದು, ಸ್ವಯಂಸೇವಕರನ್ನು ಸೇರಿಸಿ ಬಡವರಿಗೆ ಮನೆ ಕಟ್ಟಿಸುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯವರು ಮನೆ ಕಟ್ಟುವ ಜಾಗಕ್ಕೆ ಹೋಗುವುದು ನಿನಗೆ ಎಷ್ಟು ಇಷ್ಟವೆಂದು ನನಗೆ ಗೊತ್ತು. ಗೋಡೆಯ ಹೊರಗೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿಗೆ ಮೊಳೆಯನ್ನು ಪೂರ್ತಿ ಬಿಗಿಯಬಾರದು, ಉದ್ದನೆಯ ತೂತಿನ ನಡುವೆ ಹೊಡೆದು ಕೂದಲೆಳೆಯಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಅಮೆರಿಕದ ನಿಮ್ಮ ಜಾರ್ಜಿಯಾ ರಾಜ್ಯದ ಬಿಸಿಲಿಗೆ ಪಟ್ಟಿ ಹಿಗ್ಗಿ ಡೊಂಕಾಗುತ್ತದೆ ಎಂದು ನೀನು ವಿವರಿಸುವಾಗ ನಿನ್ನ ದನಿಯಲ್ಲಿದ್ದ ಹುರುಪನ್ನು ನಿನ್ನ ಕಂಪನಿಯ ಕೆಲಸದ ಮಾತಿನಲ್ಲಿ ನಾನು ಕೇಳಿಲ್ಲ. ಒಳಗೋಡೆ ಮುಚ್ಚುವ ಮುನ್ನ ಮರದ ಚೌಕಟ್ಟಿನ ಮೇಲೆ ಎಲ್ಲರೂ ಒಂದೊಂದು ಹಾರೈಕೆ ಬರೆಯುತ್ತಾರೆ ಎಂದು ನೀನು ಕಳುಹಿಸಿದ ಫೋಟೋವನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದ್ದೇನೆ. ಅಷ್ಟೊಂದು ಇಂಗ್ಲಿಷ್ ಸಾಲುಗಳ ನಡುವೆ "ಮನೆ ತುಂಬಿರಲಿ" ಎಂಬ ನಿನ್ನ ಕನ್ನಡ ಅಕ್ಷರ ನೋಡಿ ನಿನ್ನ ಅಜ್ಜಿ ಕಣ್ಣೊರೆಸಿಕೊಂಡರು.

ಈಗ ಆ ಸಂಸ್ಥೆಯವರು ನಿನ್ನನ್ನು ಕುಟುಂಬಗಳ ಆಯ್ಕೆ ಸಮಿತಿಗೆ ಕರೆದಿದ್ದಾರೆ. ಅರ್ಜಿ ಓದಬೇಕು, ಅರ್ಜಿದಾರರ ಬಾಡಿಗೆ ಮನೆಗೆ ಹೋಗಿ ನೋಡಬೇಕು, ವರದಿ ಬರೆಯಬೇಕು. "ಯಾರಿಗೋ ಮನೆ ಇಲ್ಲ ಎನ್ನುವುದಕ್ಕೆ ನಾನು ಯಾರಮ್ಮ? ಮೊಳೆ ಹೊಡೆಯುವುದೇ ನೆಮ್ಮದಿ" ಎಂದೆ. ನಿನ್ನ ಅಂಜಿಕೆ ಒಳ್ಳೆಯದು. ಅಂಜಿಕೆಯೇ ಇಲ್ಲದವರನ್ನು ಅಂಥ ಮೇಜಿನ ಮುಂದೆ ಕೂರಿಸಬಾರದು. ಆದರೆ ಮೊಳೆ ಹೊಡೆಯುವವರು ಶನಿವಾರಕ್ಕೆ ಎಷ್ಟು ಬೇಕಾದರೂ ಸಿಗುತ್ತಾರೆ. ಅರ್ಜಿಯನ್ನು ಮನಸ್ಸಿಟ್ಟು ಓದುವವರು ಸಿಗುವುದು ಕಷ್ಟ. ಬ್ಯಾಂಕಿನ ಸಾಲ ವಿಭಾಗದಲ್ಲಿ ನನ್ನ ಬಹುಪಾಲು ಸೇವಾವಧಿ ಕಳೆದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಒಂದು ಲೆಕ್ಕ ನೋಡು. 10 ಲಕ್ಷ ರೂಪಾಯಿ ಸಾಲ, ಶೇ 9ರ ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಹತ್ತಿರ ಹತ್ತಿರ 9,000 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,500ರಷ್ಟು ಮಾತ್ರ. 20 ವರ್ಷ ಮುಗಿಯುವಾಗ ಕಟ್ಟಿರುವುದು 21 ಲಕ್ಷದ 59 ಸಾವಿರ. ಅದೇ ಸಾಲಕ್ಕೆ ಬಡ್ಡಿಯೇ ಇಲ್ಲದಿದ್ದರೆ ತಿಂಗಳಿಗೆ 4,167. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಕಟ್ಟಬಲ್ಲ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ. ಒಂಬತ್ತು ಸಾವಿರ ಎಂದ ಕೂಡಲೇ ಅವರೆಲ್ಲ ಹಿಂದೆ ಸರಿಯುತ್ತಾರೆ. ನೀವು ಸಂಬಳವಿಲ್ಲದೆ ದುಡಿಯುವುದರಿಂದ ಕೂಲಿಯ ಖರ್ಚು ಉಳಿಯುತ್ತದೆ, ನಿಜ. ಆದರೆ ಕೂಲಿ ಮನೆಯ ಬೆಲೆಯಲ್ಲಿ ಒಂದು ಪಾಲು ಮಾತ್ರ. ನಿವೇಶನ, ಸಾಮಗ್ರಿ, ಎಲ್ಲಕ್ಕಿಂತ ಹೆಚ್ಚಾಗಿ ಸಾಲದ ಷರತ್ತು, ಇವುಗಳ ಮೇಲೆ ಒಂದು ಕುಟುಂಬ ಆ ಮನೆಯಲ್ಲಿ ಉಳಿಯುವುದೋ ಬಿಡುವುದೋ ನಿಂತಿದೆ.

ನೀನು ಶನಿವಾರ ದುಡಿಯುವ ಹ್ಯಾಬಿಟಾಟ್ ಹುಟ್ಟಿದ್ದೂ ಈ ಲೆಕ್ಕದಿಂದಲೇ. ನಿನ್ನ ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡು ಮೂರು ಗಂಟೆ ಕಾರಿನಲ್ಲಿ ಹೋದರೆ ಅಮೆರಿಕಸ್ ಎಂಬ ಊರು ಸಿಗುತ್ತದೆ. ಅದರ ಹತ್ತಿರ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಮತ್ತು ಅವರ ಜೊತೆಗಾರರು ಕೊಯ್ನೋನಿಯಾ ಎಂಬ ಕೃಷಿ ಸಮುದಾಯ ಆರಂಭಿಸಿದರು. ಜೋರ್ಡನ್ ಕೃಷಿ ಓದಿದವರು, ಬೈಬಲನ್ನು ಮೂಲ ಗ್ರೀಕ್ ಭಾಷೆಯಲ್ಲಿ ಓದಬಲ್ಲ ಪಂಡಿತರೂ ಹೌದು. ಕರಿಯರು ಬಿಳಿಯರು ಒಂದೇ ಹೊಲದಲ್ಲಿ ದುಡಿದು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಆ ಕಾಲದ ಜಾರ್ಜಿಯಾದಲ್ಲಿ ಅದೇ ಅಪರಾಧ. 1950ರ ದಶಕದಲ್ಲಿ ಸುತ್ತಲಿನವರು ಅವರಿಗೆ ಬಹಿಷ್ಕಾರ ಹಾಕಿದರು, ಗೊಬ್ಬರ ಬೀಜ ಮಾರಲಿಲ್ಲ, ಅವರ ಬೆಳೆ ಕೊಳ್ಳಲಿಲ್ಲ, ರಾತ್ರಿ ಬಂದು ಗುಂಡು ಹಾರಿಸಿದರು. ಅವರು ತಮ್ಮ ಪೆಕಾನ್ ಬೀಜಗಳನ್ನು ಅಂಚೆಯಲ್ಲಿ ದೂರದೂರುಗಳಿಗೆ ಮಾರಿ ಬದುಕಿದರು. ನಮ್ಮಲ್ಲಿ ಬಹಿಷ್ಕಾರ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಬಾವಿ, ಕಟಿಂಗ್ ಅಂಗಡಿ, ಹೋಟೆಲು ಕೆಲವರಿಗೆ ಮುಚ್ಚಿದ್ದನ್ನು ನನ್ನ ತಲೆಮಾರು ಕಣ್ಣಾರೆ ಕಂಡಿದೆ.

1965ರಲ್ಲಿ ಕೊಯ್ನೋನಿಯಾಕ್ಕೆ ಬಂದವರು ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್. ಮಿಲರ್ಡ್ ಅಲಬಾಮಾದ ವಕೀಲರು, ವ್ಯಾಪಾರಿ. ಮೂವತ್ತು ತುಂಬುವ ಮೊದಲೇ ಹತ್ತು ಲಕ್ಷ ಡಾಲರ್ ಸಂಪಾದಿಸಿ, ಆ ಸಂಪಾದನೆಯ ಭರದಲ್ಲಿ ಸಂಸಾರವೇ ಒಡೆಯುವ ಹಂತಕ್ಕೆ ಬಂದಾಗ ಗಂಡ ಹೆಂಡತಿ ಕೂಡಿ ಆಸ್ತಿಯನ್ನೆಲ್ಲ ಮಾರಿ ಹಂಚಿಬಿಟ್ಟರು. 1968ರಲ್ಲಿ ಜೋರ್ಡನ್ ಮತ್ತು ಫುಲ್ಲರ್ ಒಂದು ನಿಧಿ ಹುಟ್ಟುಹಾಕಿ, ಅರ್ಧರ್ಧ ಎಕರೆಯ 42 ನಿವೇಶನ ಗುರುತಿಸಿದರು. ಸುತ್ತಲಿನ ಗುಡಿಸಲುಗಳಲ್ಲಿದ್ದ ಬಡ ಕುಟುಂಬಗಳು, ಸ್ವಯಂಸೇವಕರು ಕೂಡಿ ಕಟ್ಟುವ ಮನೆ. ಕಟ್ಟಿದ ಖರ್ಚಿಗೇ ಮಾರಾಟ, ಲಾಭವಿಲ್ಲ. 20 ವರ್ಷದ ಕಂತು, ಬಡ್ಡಿಯಿಲ್ಲ. ಆ ಕಂತಿನ ಹಣ ತಿರುಗಿ ನಿಧಿಗೆ ಬಂದು ಮುಂದಿನ ಮನೆಗೆ. ಜೋರ್ಡನ್ 1969ರಲ್ಲಿ, ಮೊದಲ ಮನೆ ಪೂರ್ತಿಯಾಗುವ ಮುನ್ನವೇ ತೀರಿಕೊಂಡರು. ಫುಲ್ಲರ್ ದಂಪತಿ 1973ರಲ್ಲಿ ಆಗಿನ ಜೈರ್ (ಈಗಿನ ಕಾಂಗೊ) ದೇಶದ ಎಂಬಂಡಾಕಾ ಊರಿಗೆ ಹೋಗಿ ಅಲ್ಲಿಯೂ ಇದೇ ರೀತಿ ಮನೆ ಕಟ್ಟಿಸಿ, ಮರಳಿ ಬಂದು 1976ರಲ್ಲಿ ಹ್ಯಾಬಿಟಾಟ್ ಸ್ಥಾಪಿಸಿದರು. 1983ರಲ್ಲಿ ಅದು ನಮ್ಮ ದೇಶಕ್ಕೂ ಬಂತು. ಶುರುವಾದದ್ದು ಈಗಿನ ತೆಲಂಗಾಣದ ಖಮ್ಮಂನಲ್ಲಿ.

ದಾನ ಮಾಡುವ ಶಕ್ತಿ ಇದ್ದವರು ದಾನ ಮಾಡದೆ ಸಾಲವನ್ನು ಯಾಕೆ ಕೊಟ್ಟರು ಎಂದು ನೀನು ಒಮ್ಮೆ ಕೇಳಿದ್ದೆ. ದಾನ ಪಡೆದವರು ಕೊಟ್ಟವರ ಮುಖ ನೋಡುತ್ತಾ ಬದುಕಬೇಕಾಗುತ್ತದೆ, ಅದಕ್ಕೆ. ಸಾಲ ತೀರಿಸಿದವಳು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಿಮ್ಮಲ್ಲಿ ಮನೆ ಕೊಳ್ಳುವವರೂ ನೂರಾರು ಗಂಟೆ ದುಡಿಯಲೇಬೇಕು, ತಮ್ಮ ಮನೆಗಷ್ಟೇ ಅಲ್ಲ, ಇನ್ನೊಬ್ಬರ ಮನೆಗೂ ಎಂಬ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಹೀಗೇ ಇತ್ತು. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ಮಾಡನ್ನು ಹೊಸದಾಗಿ ಹೊದಿಸಲು ಇವತ್ತು ನಮ್ಮ ಮನೆಗೆ ಊರವರು, ನಾಳೆ ಅವರ ಮನೆಗೆ ನಾವು. ನಿನ್ನ ಅಜ್ಜಿ ಅಂಥ ದಿನಗಳಲ್ಲಿ ಐವತ್ತು ಜನಕ್ಕೆ ಕಡುಬು ಬೇಯಿಸಿದ್ದಾರೆ. ಯಾರೂ ಯಾರಿಗೂ ಉಪಕಾರ ಮಾಡಿದೆವು ಎಂದುಕೊಳ್ಳುತ್ತಿರಲಿಲ್ಲ.

ಈಗ ನಿನ್ನ ಸಮಿತಿಯ ವಿಷಯ. ನಿಮ್ಮವರು ಮೂರು ಸಂಗತಿ ನೋಡುತ್ತಾರೆ: ಮನೆಯ ಅಗತ್ಯ ಎಷ್ಟಿದೆ, ಕಂತು ಕಟ್ಟುವ ಶಕ್ತಿ ಇದೆಯೇ, ಜೊತೆಗೆ ನಿಂತು ದುಡಿಯಲು ಸಿದ್ಧರಿದ್ದಾರೆಯೇ. ಬಡ್ಡಿ ಈಗ ಎಲ್ಲ ಕಡೆ ಪೂರ್ತಿ ಸೊನ್ನೆ ಎಂದೇನಿಲ್ಲ, ಆದರೂ ತಿಂಗಳ ಕಂತು ಆದಾಯದ ಶೇ 30ನ್ನು ಮೀರಬಾರದು ಎಂಬ ಕಟ್ಟು ಇದೆ. ಇದರಲ್ಲಿ ಎರಡನೆಯದೇ ಕಠಿಣ. ನನ್ನ ಕಾಲದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ, ಕೇಳು.

ಆಕೆ ಬಟ್ಟೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆ, ಬಾಡಿಗೆಗೆ. ಅದೇ ಓಣಿಯಲ್ಲಿ ಮಾರಾಟಕ್ಕೆ ಬಂದ ಸಣ್ಣ ಹೆಂಚಿನ ಮನೆಗೆ ಸಾಲ ಕೇಳಲು ಬಂದಾಗ ಸಂಬಳ ಚೀಟಿ ಇರಲಿಲ್ಲ, ಆದಾಯ ತೆರಿಗೆಯ ಕಾಗದ ಇರಲಿಲ್ಲ, ಸರ್ಕಾರಿ ನೌಕರಿಯಲ್ಲಿರುವ ಜಾಮೀನುದಾರ ಇರಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಆಕೆ ತೆಗೆದಿಟ್ಟದ್ದು ಪಿಗ್ಮಿ ಪುಸ್ತಕಗಳು. ನಿನಗೆ ನೆನಪಿರಬಹುದು, ಸಂಜೆ ಹೊತ್ತು ಏಜೆಂಟರು ಅಂಗಡಿ ಅಂಗಡಿಗೆ ಬಂದು ಹತ್ತು ಇಪ್ಪತ್ತು ರೂಪಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದರಲ್ಲ, ಅದೇ ಪಿಗ್ಮಿ ಠೇವಣಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುಮಾಡಿದ ಯೋಜನೆ ಅದು, ಆಮೇಲೆ ಊರೂರಿನ ಸಹಕಾರಿ ಸಂಘಗಳೂ ಹಿಡಿದವು. ಆ ಪುಸ್ತಕಗಳ ಒಂದೊಂದು ಪುಟವನ್ನೂ ತಿರುವಿದೆ. ಯುಗಾದಿಯ ಮಾರನೆಯ ದಿನವೂ ಕಟ್ಟಿದ್ದಾರೆ, ಮಳೆ ಹೊಯ್ದ ಆಷಾಢದಲ್ಲೂ ಕಟ್ಟಿದ್ದಾರೆ. ಮದುವೆ ಕಾಲದಲ್ಲಿ ಇಪ್ಪತ್ತು ಮೂವತ್ತಾಗಿದೆ, ಕೆಲಸ ಕಡಿಮೆಯಾದ ತಿಂಗಳಲ್ಲಿ ಐದಕ್ಕೆ ಇಳಿದಿದೆ, ನಿಂತಿಲ್ಲ. ಇದಕ್ಕಿಂತ ಒಳ್ಳೆಯ ಆದಾಯದ ದಾಖಲೆ ಇನ್ನೇನು ಬೇಕು? ನಾನು ಮತ್ತು ನಮ್ಮ ಮ್ಯಾನೇಜರು ಆ ಪುಸ್ತಕಗಳ ನಕಲು ಲಗತ್ತಿಸಿ ಮೇಲಿನ ಕಚೇರಿಗೆ ಶಿಫಾರಸು ಕಳುಹಿಸಿದೆವು. "ನಿಯಮಾನುಸಾರ ಅವಕಾಶವಿರುವುದಿಲ್ಲ" ಎಂಬ ಒಂದು ಸಾಲು ಹೊತ್ತು ಕಡತ ವಾಪಸು ಬಂತು. ಆಕೆ ಕೊನೆಯವರೆಗೂ ಬಾಡಿಗೆ ಕೋಣೆಯಲ್ಲೇ ಇದ್ದರು. ಆ ಮನೆಯ ಕಂತಿಗಿಂತ ಹೆಚ್ಚು ಹಣವನ್ನು ಬಾಡಿಗೆಯಾಗಿ ಕಟ್ಟುತ್ತಾ ಇದ್ದರು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಕಡತ ನೆನೆದರೆ ನನಗೆ ಸಿಟ್ಟು ಬರುತ್ತದೆ. ಆ ನಿಯಮವನ್ನು ಬರೆದ ಕೋಣೆಯಲ್ಲಿ ಪಿಗ್ಮಿ ಪುಸ್ತಕವನ್ನು ತಿರುವಿ ನೋಡಿದ ಒಬ್ಬರಾದರೂ ಇರಬೇಕಿತ್ತು. ಪುಟ್ಟಿ, ನಿನ್ನನ್ನು ಈಗ ಕರೆಯುತ್ತಿರುವುದು ಅಂಥ ಕೋಣೆಗೆ.

ಹಾಗಾಗಿ ಅರ್ಜಿ ಕೈಗೆ ಬಂದಾಗ ಸಾಲದ ಅಂಕ (ಕ್ರೆಡಿಟ್ ಸ್ಕೋರ್) ಎಷ್ಟಿದೆ ಎಂಬುದರ ಜೊತೆಗೆ ಬಾಡಿಗೆ ರಸೀದಿ ಕೇಳು. ತಿಂಗಳ ಯಾವ ತಾರೀಖಿಗೆ ಕಟ್ಟಿದ್ದಾರೆ, ತಡವಾಗಿದ್ದರೆ ಯಾಕೆ ತಡವಾಯಿತು ಎಂದು ಕೇಳು. ಆಸ್ಪತ್ರೆ ಖರ್ಚಿಗೆ ತಪ್ಪಿದ ಕಂತು ಬೇರೆ, ಪ್ರತಿ ತಿಂಗಳೂ ತಪ್ಪುವ ಕಂತು ಬೇರೆ. ಮನೆ ನೋಡಲು ಹೋದಾಗ ಟಿವಿ ಎಷ್ಟು ದೊಡ್ಡದಿದೆ ಎಂದು ನೋಡಬೇಡ. ಬಡವರ ಮನೆಗೆ ಹೋದ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಅದರ ಮೇಲೆ, ಆಮೇಲೆ ಬೇರೇನೂ ಕಾಣುವುದಿಲ್ಲ. ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಏರಿದೆ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಮಗು ಎಲ್ಲಿ ಕುಳಿತು ಓದುತ್ತದೆ, ಅದನ್ನು ನೋಡು. ಚೆನ್ನಾಗಿ ಮಾತಾಡಿದವರ ಅರ್ಜಿ ತೂಕವಾಗಿ ಕಾಣುತ್ತದೆ, ಮಾತು ಬಾರದವರದು ಹಗುರವಾಗಿ. ಅವರಿಗೆ ಇನ್ನಷ್ಟು ಹೊತ್ತು ಕೊಡು.

ಇನ್ನು ಇಲ್ಲ ಎನ್ನಬೇಕಾದ ಪ್ರಸಂಗ. ಬರುತ್ತದೆ, ಹಲವು ಸಲ ಬರುತ್ತದೆ. ಕಟ್ಟಲಾಗದವರಿಗೆ ಸಾಲ ಕೊಟ್ಟು ಐದು ವರ್ಷಕ್ಕೆ ಅದೇ ಮನೆಯಿಂದ ಹೊರಗೆ ಹಾಕುವುದು ಇಲ್ಲ ಎನ್ನುವುದಕ್ಕಿಂತ ದೊಡ್ಡ ಕ್ರೌರ್ಯ. ಆದರೆ ಒಂದು ಸಾಲಿನ ಕಾಗದ ಕಳುಹಿಸಲು ಬಿಡಬೇಡ. ಯಾಕೆ ಆಗಲಿಲ್ಲ, ಯಾವ ಹಳೆಯ ಸಾಲ ಮೊದಲು ತೀರಬೇಕು, ಎಷ್ಟು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು, ಯಾರನ್ನು ಕೇಳಬೇಕು, ಇಷ್ಟನ್ನೂ ಅವರಿಗೆ ಅರ್ಥವಾಗುವ ಮಾತಿನಲ್ಲಿ ಎದುರಿಗೇ ಹೇಳಿಸು. ನನ್ನ ಮೇಜಿನ ಮುಂದೆ ಕಾರಣ ತಿಳಿದು ಹೋದವರು ಮತ್ತೆ ಬಂದಿದ್ದಾರೆ. ಕಾರಣ ತಿಳಿಯದೆ ಹೋದವರು ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಿದ್ದಾರೆ.

ಇಲ್ಲಿಯ ಕತೆ ನಿನಗೆ ಗೊತ್ತೇ ಇದೆ. ಸರ್ಕಾರದ ಸಹಾಯಧನ ಬರುತ್ತದೆ, ಇಲ್ಲವೆನ್ನುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ ಎಂದು ನಿಗದಿಯಾಗಿದೆ. ಬಸವ ವಸತಿಯ ಮನೆಗಳು ಹೆಂಗಸರ ಹೆಸರಿನಲ್ಲಿ ಮಂಜೂರಾಗುವುದು ನನಗೆ ತುಂಬ ಮೆಚ್ಚಿಗೆಯ ಸಂಗತಿ. ಆದರೆ ತಳಪಾಯಕ್ಕೊಂದು ಕಂತು, ಲಿಂಟಲ್‌ಗೊಂದು, ಛಾವಣಿಗೊಂದು ಎಂದು ಹಣ ಬರುವ ಹೊತ್ತಿಗೆ ಸಿಮೆಂಟು ಕಬ್ಬಿಣದ ಬೆಲೆ ಮುಂದೆ ಓಡಿರುತ್ತದೆ. ಲಿಂಟಲ್ ಮಟ್ಟಕ್ಕೆ ನಿಂತು ಪಾಚಿಗಟ್ಟಿದ ಗೋಡೆಗಳು ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಆಮೇಲೆ ಸಂಘದ ಸಾಲ, ವಾರದ ಕಂತು. ವಸೂಲಿಗೆ ಬಂದವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬರುತ್ತಲೇ ಇದ್ದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಂಥ ಕಡೆ ಗಾರೆ ಕಲಸಲು ಹತ್ತು ಹುಡುಗರು ಬಂದರೆ ಸಂತೋಷವೇ. ಅದಕ್ಕಿಂತ ಮೊದಲು, ಅರ್ಜಿ ತುಂಬಿಸಿ, ಹಕ್ಕುಪತ್ರ ತೆಗೆಸಿ, ಖಾತೆ ಮಾಡಿಸಿ, ಯಾವ ಸಾಲಕ್ಕೆ ಕೈಹಾಕಬಾರದು ಎಂದು ಹೇಳುವ ಒಬ್ಬಳು ಬಂದರೆ ಆ ಮನೆ ಲಿಂಟಲ್ ದಾಟುತ್ತದೆ.

ಇನ್ನೊಂದು ಮಾತು, ಇದನ್ನು ಸಮಿತಿಯಲ್ಲಿ ನೀನಾಗಿಯೇ ಎತ್ತಬೇಕು. ನಿಮ್ಮ ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಕುಟುಂಬಗಳು ಕಷ್ಟಪಟ್ಟು ಮಾಡಿದ ಎಷ್ಟೋ ಆಸ್ತಿ ಉಯಿಲು ಬರೆಯದೆ ಹಿರಿಯರು ತೀರಿಕೊಂಡದ್ದರಿಂದ ಕೈತಪ್ಪಿದೆ. ಆಸ್ತಿ ಎಲ್ಲ ವಾರಸುದಾರರಿಗೂ ವಿಭಾಗವಾಗದ ಪಾಲಾಗಿ ಉಳಿಯುತ್ತದೆ. ದೂರದ ಊರಿನಲ್ಲಿರುವ ಯಾರೋ ಒಬ್ಬರ ಪಾಲನ್ನು ಹೊರಗಿನವರು ಅಗ್ಗಕ್ಕೆ ಕೊಂಡು, ನ್ಯಾಯಾಲಯಕ್ಕೆ ಹೋಗಿ ಇಡೀ ಆಸ್ತಿಯನ್ನೇ ಮಾರಾಟಕ್ಕೆ ತರುತ್ತಾರೆ. ಅದೂ ಅಲ್ಲದೆ, ಹೆಸರು ಸ್ಪಷ್ಟವಿಲ್ಲದ ಆಸ್ತಿಯ ಮೇಲೆ ರಿಪೇರಿ ಸಾಲವೂ ಹುಟ್ಟುವುದಿಲ್ಲ. ನಮ್ಮ ಪೌತಿ ಖಾತೆಯ ಗೋಳು ಇದೇ ಅಲ್ಲವೇ? ತಾತನ ಹೆಸರಿನಲ್ಲಿರುವ ಪಹಣಿ ಹಿಡಿದುಕೊಂಡು ಮೊಮ್ಮಕ್ಕಳು ಸಾಲಕ್ಕೆ ಬಂದು ಬರಿಗೈಯಲ್ಲಿ ಹೋಗುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿದ್ದೆ. ಮನೆಯ ಕೀಲಿ ಕೊಡುವ ಮುನ್ನ ಆ ಕುಟುಂಬದವರನ್ನು ಒಬ್ಬ ವಕೀಲರ ಹತ್ತಿರ ಕೂರಿಸಿ ಉಯಿಲು ಬರೆಸಬಹುದೇ ಎಂದು ಕೇಳು. ನಿಮ್ಮ ಕನ್ನಡ ಕೂಟದಲ್ಲಿ ವಕೀಲಿಕೆ ಮಾಡುವವರು ಇದ್ದರೆ ಅವರನ್ನೂ ಎಳೆದು ತಾ. ಅವರೂ ಒಂದು ಶನಿವಾರ ಕೊಡಲಿ.

ಆಯ್ಕೆಯಲ್ಲಿ ಬಣ್ಣ ಧರ್ಮ ನೋಡುವಂತಿಲ್ಲ ಎಂಬುದು ಅಲ್ಲಿ 1968ರಿಂದ ಕಾನೂನು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದೇ ವಾರದಲ್ಲಿ ಸಹಿಯಾದ ಕಾನೂನು ಅದು. ಬೆಂಗಳೂರಿನಲ್ಲಿ ನಿನ್ನ ಮೊದಲ ಕೆಲಸಕ್ಕೆ ಮನೆ ಹುಡುಕುವಾಗ "ನೀವು ಯಾವ ಜನ?" ಎಂದು ಕೇಳಿದ ಮನೆಗಳನ್ನು ನಾವು ಒಟ್ಟಿಗೇ ಹತ್ತಿ ಇಳಿದಿದ್ದೇವೆ. ಆ ಪ್ರಶ್ನೆ ಎಷ್ಟು ಬಗೆಯ ವೇಷದಲ್ಲಿ ಬರಬಲ್ಲದು ಎಂಬುದು ನಿನಗೆ ತಿಳಿದಷ್ಟು ಆ ಮೇಜಿನಲ್ಲಿರುವ ಇತರರಿಗೆ ತಿಳಿದಿರಲಿಕ್ಕಿಲ್ಲ.

ಹಾಗೆಂದು ಸುತ್ತಿಗೆ ಬಿಡು ಎನ್ನುತ್ತಿಲ್ಲ. ಜಿಮ್ಮಿ ಕಾರ್ಟರ್ ಅವರು ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ, ಪತ್ನಿ ರೋಸಲಿನ್ ಜೊತೆ 1984ರಲ್ಲಿ ಅಮೆರಿಕಸ್‌ನಿಂದ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ ಪಾಳುಬಿದ್ದ ಆರು ಅಂತಸ್ತಿನ ಕಟ್ಟಡವನ್ನು 19 ಕುಟುಂಬಗಳಿಗಾಗಿ ರಿಪೇರಿ ಮಾಡಲು ನಿಂತದ್ದರಿಂದಲೇ ಈ ಕೆಲಸ ಜಗತ್ತಿಗೆ ತಿಳಿಯಿತು. 2006ರಲ್ಲಿ ಲೋಣಾವಳದ ಹತ್ತಿರದ ಮಳವಲಿಯಲ್ಲಿ 100 ಮನೆ ಕಟ್ಟಲು ಅವರಿಬ್ಬರೂ ಬಂದಿದ್ದರು. 95ನೇ ವಯಸ್ಸಿನಲ್ಲಿ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡ ಕಾರ್ಟರ್ ಮಾರನೆಯ ದಿನವೇ ನ್ಯಾಶ್‌ವಿಲ್‌ನಲ್ಲಿ ಕೆಲಸಕ್ಕೆ ನಿಂತರು. ಆದರೆ ನನಗೆ ಅವರಿಗಿಂತ ಹತ್ತಿರವೆನಿಸುವುದು ಅವರ ತಾಯಿ ಲಿಲಿಯನ್. ಅವರು ನರ್ಸ್ ಆಗಿದ್ದವರು. 1966ರಲ್ಲಿ, 68ನೇ ವಯಸ್ಸಿನಲ್ಲಿ, ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳುಹಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ ಸೇರಿ ಮುಂಬೈನ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ಅಲ್ಲಿನ ಕಾರ್ಮಿಕರ ನಡುವೆ ದುಡಿದರು. ತಾವು ಕಲಿತ ಕೆಲಸವನ್ನೇ ತೆಗೆದುಕೊಂಡು ಬಂದರು, ಅದು ನನಗೆ ಇಷ್ಟ. ನೀನು ಕಲಿತದ್ದು ಲೆಕ್ಕ, ಕಾಗದ, ತಪ್ಪು ಎಲ್ಲಿದೆ ಎಂದು ಸಾಲು ಸಾಲಾಗಿ ಹುಡುಕುವುದು. ಅದೂ ಬೇಕಾದ ಕೆಲಸವೇ.

ಸಮಿತಿಗೆ ಹೂಂ ಎಂದ ಮೇಲೆ ಅವರ ಅರ್ಜಿ ನಮೂನೆ ಕಳುಹಿಸು. ಖಾಲಿಯದು ಸಾಕು, ಯಾರ ವಿವರವೂ ಬೇಡ. ಯಾವ ಕಾಲಂನಲ್ಲಿ ಜನ ಎಡವುತ್ತಾರೆ ಎಂದು ಗುರುತು ಹಾಕಿ ಕೊಡುತ್ತೇನೆ. ಚಳಿಗಾಲಕ್ಕೆ ಮುಂಚೆ ನಾನು ಅಲ್ಲಿಗೆ ಬರುತ್ತೇನಲ್ಲ, ಏಣಿ ಹತ್ತುವುದು ನನ್ನ ಮಂಡಿಗೆ ಆಗದು, ಆದರೆ ತಿಂಗಳ ಖರ್ಚಿನ ಲೆಕ್ಕ ಬರೆಯುವುದನ್ನು ಹೊಸ ಮನೆಯವರಿಗೆ ಹೇಳಿಕೊಡುವ ತರಗತಿ ಇದೆ ಎಂದಿದ್ದೆಯಲ್ಲ, ಅಲ್ಲಿ ನಿನ್ನ ಪಕ್ಕ ಕೂರಲು ಬಿಡುತ್ತಾರೆಯೇ ಕೇಳಿ ತಿಳಿಸು. ಅಪ್ಪನಿಗೆ ರಕ್ತದೊತ್ತಡ ಹತೋಟಿಯಲ್ಲಿದೆ, ಅಜ್ಜಿ ಮೆಣಸಿನ ಸಾರು ಕುಡಿದು ಕೆಮ್ಮು ಕಡಿಮೆಯಾಗಿದೆ ಎನ್ನುತ್ತಿದ್ದಾರೆ. ಸೈಟಿಗೆ ಹೋಗುವಾಗ ಕಣ್ಣಿಗೆ ಆ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳುವುದನ್ನು ಮರೆಯಬೇಡ.

ಇಂತಿ ನಿನ್ನ,
ಅಮ್ಮ